ಖಾಲಿ ಸ್ಟೂಲಿಗೆ ಹೇಳಿದ್ದು

“ಆ ವೈರನ್ನ ನನ್ನ ಕಾಲಡಿಯಿಂದ ಎಳೀಬೇಡಿ ಅಂತ ಅವರಿಗೆ ಹೇಳಿ.”

ಮೇಷ್ಟ್ರು ಹೇಳಿದ್ದು ಚರ್ಚಿನ ಬ್ಯಾಂಡಿನ ಡ್ರಮ್ಮಿನ ಹಿಂದಿದ್ದ ಸ್ಟೂಲಿಗೆ. ಹೇಳಿಯಾದ ಮೇಲೆ ಸ್ಟೂಲು ಖಾಲಿಯಿರುವುದು ಕಣ್ಣಿಗೆ ಬಿತ್ತು. ವೈರು ಎಳೆಯುತ್ತಿದ್ದ, ಗಿಟಾರು ನುಡಿಸುವ ಎಲೆಕ್ಟ್ರಿಷಿಯನ್ನೂ ತಲೆಯೆತ್ತಿ ಅಲ್ಲಿಗೇ ನೋಡಿದ. ಅವನ ಬಾಯಲ್ಲೂ ಒಂದು ಉತ್ತರ ತಯಾರಿತ್ತು. ತಲುಪಿಸುವವರಿಲ್ಲದೆ ನುಂಗಿಕೊಂಡ. ಇಬ್ಬರ ನಡುವೆ ಒಂದು ಮಾರು ದೂರವಿತ್ತು, ಅಷ್ಟೇ.

“ಚೆನ್ನಾಗಿದೆ,” ಎಂದಳು ಹಾಡುವ ನರ್ಸು, ಮೈಕಿನ ಸ್ಟ್ಯಾಂಡ್ ತಿರುಗಿಸುತ್ತ. “ಅಕ್ಕ ಸತ್ತ ಮೇಲೂ ಅವಳಿಗೆ ರಜೆ ಕೊಡಲ್ಲ ನೀವು.”

ಮೇಷ್ಟ್ರು ಕೀಬೋರ್ಡಿನ ತಗ್ಗು ಸ್ವರವೊಂದನ್ನು ಒತ್ತಿದರು. ಪಕ್ಕದ ಸಣ್ಣ ಡ್ರಮ್ಮು ತಾನಾಗಿಯೇ ‘ಜುಂಯ್’ ಎಂದಿತು. ಅದರ ತಳಕ್ಕೆ ಬಿಗಿದ ತಂತಿಗಳು ಯಾವ ದೊಡ್ಡ ಸದ್ದಿಗೂ ಅದುರುತ್ತವೆ. ಮೇಷ್ಟ್ರಿಗೆ ಈ ಜುಂಯ್ ಎಂದರೆ ಆಗದು. ಅವರು ಮುಖ ಸಿಂಡರಿಸುವ ಮೊದಲೇ ಡ್ರಮ್ಮು ಬಾರಿಸುವ ಲಾಂಡ್ರಿಯಕ್ಕ ಅದರ ಬದಿಯ ಹಿಡಿ ಇಳಿಸಿ ತಂತಿ ಸಡಿಲ ಮಾಡುತ್ತಿದ್ದಳು. ಇವತ್ತು ಅವರೇ ಬಗ್ಗಿ ಇಳಿಸಿದರು.

ಹೋದ ಭಾನುವಾರ ಅವಳು ಅದೇ ಸ್ಟೂಲಿನ ಮೇಲಿದ್ದಳು. ಮಂಗಳವಾರ ಬೆಳಿಗ್ಗೆ ಅಂಗಡಿಯಲ್ಲಿ ಯಾರದೋ ಅಂಗಿಯ ಕಾಲರು ಒತ್ತುತ್ತಿದ್ದವಳು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ, ಸ್ವಿಚ್ ಆರಿಸಿ, ಕುರ್ಚಿಯಲ್ಲಿ ಕೂತಳು. ಮತ್ತೆ ಏಳಲಿಲ್ಲ. “ಸ್ವಿಚ್ ಆರಿಸಿದ್ಲು ನೋಡಿ,” ಎಂದು ಅವಳ ಗಂಡ ಬಂದವರಿಗೆಲ್ಲ ಹೇಳುತ್ತಿದ್ದರು.

ಈಗ ಅವರೇ ಚರ್ಚಿನ ಬಾಗಿಲಲ್ಲಿ ನಿಂತಿದ್ದರು.

“ಅವಳಿಗೆ ಇಷ್ಟವಾದ ಹಾಡು ಒಂದೇ ಒಂದು,” ಎಂದರು. “ಆದ್ರೆ ನೀವಿಬ್ರೂ ಮುಖ ತಿರುಗಿಸ್ಕೊಂಡು ನುಡಿಸೋದಾದ್ರೆ ಬೇಡ. ಅವಳ ಮುಂದೆ ಅದನ್ನ ನೋಡೋಕೆ ನನ್ನ ಕೈಲಾಗಲ್ಲ. ಹಾಡಿಲ್ದೆ ಸುಮ್ನೆ ಅವಳನ್ನ ಕಳಿಸ್ಕೊಡ್ತೀನಿ.”

ಎಲೆಕ್ಟ್ರಿಷಿಯನ್ ವೈರು ಸುತ್ತತೊಡಗಿದ. ಮೇಷ್ಟ್ರು ಕೀಬೋರ್ಡಿಗೆ ಬಟ್ಟೆ ಹೊದಿಸಿದರು.

“ಅದು ಆಮೇಲಾಯ್ತು. ಮೊದಲು ಮನೆಗೆ ಬನ್ನಿ. ಅವಳ ಪೆಟ್ಟಿಗೆ ಮಹಡಿಯಿಂದ ಇಳಿಸ್ಬೇಕು.”

*

ಜಗಳಕ್ಕೆ ಕಾರಣವಾದದ್ದು ಒಂದು ಗುಂಡಿ. ಕೆಲವು ತಿಂಗಳ ಹಿಂದೆ ಒಂದು ಭಾನುವಾರ ನರ್ಸಿನ ಗಂಟಲು ಕಟ್ಟಿತ್ತು. ಅವಳಿಗೆ ಸುಲಭವಾಗಲಿ ಎಂದು ಮೇಷ್ಟ್ರು ಕೀಬೋರ್ಡಿನಲ್ಲಿ ಗುಂಡಿಯೊತ್ತಿ ಶ್ರುತಿ ಇಳಿಸಿದರು. ಎಲೆಕ್ಟ್ರಿಷಿಯನ್‌ಗೆ ಹೇಳಲು ಮರೆತರು. ಅವನು ಹಳೆಯ ಶ್ರುತಿಯಲ್ಲೇ ಗಿಟಾರು ಮೀಟಿದ. ಒಂದೇ ಚೀಲದಲ್ಲಿ ಎರಡು ಬೆಕ್ಕು ಹಾಕಿದಂತಾಯಿತು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಅವನು ಗಿಟಾರನ್ನು ನೆಲಕ್ಕಿಟ್ಟು, ಇಡೀ ಸಭೆಯ ಎದುರು ಎದ್ದುಹೋದ.

“ಕಿವಿ ಇರೋರಿಗೆ ಹೇಳಬೇಕಾ?” ಎಂದರು ಮೇಷ್ಟ್ರು ಆಮೇಲೆ.

“ಬಾಯಿ ಇರೋರು ಹೇಳಬೇಕು,” ಎಂದ ಅವನು.

ಅದೇ ಕೊನೆ. ಅಲ್ಲಿಂದೀಚೆಗೆ ಇಬ್ಬರ ಮಾತೂ ಅಕ್ಕನ ಮೂಲಕವೇ. ಅವಳು ಯಾರಿಗೂ ಬುದ್ಧಿ ಹೇಳಲಿಲ್ಲ. ಪ್ರಾರ್ಥನೆ ಮಾಡೋಣ ಬನ್ನಿ ಎಂದು ಪಾಸ್ಟರ್ ಕರೆದಾಗ, “ಆಮೇಲೆ ಮಾಡಿ, ಮೊದಲು ಸ್ಪೀಕರ್ ಇಳೀಲಿ,” ಎಂದಳು. ಬ್ಯಾಂಡಿನಲ್ಲಿ ಅವಳದೊಂದು ಕಾನೂನಿತ್ತು. ಜಗಳ ಆಡಿದವರು ಚರ್ಚಿನ ಮಹಡಿಯ ಕೋಣೆಯಿಂದ ದೊಡ್ಡ ಸ್ಪೀಕರನ್ನು ಇಳಿಸಬೇಕು, ಆರಾಧನೆ ಮುಗಿದ ಮೇಲೆ ಹತ್ತಿಸಬೇಕು. ಒಬ್ಬರಿಂದ ಆಗದ ಕೆಲಸ. ಮೆಟ್ಟಿಲು ಇಕ್ಕಟ್ಟು. ಕೆಳಗಿನವನು ಹಿಮ್ಮುಖವಾಗಿ ಇಳಿಯಬೇಕು. ಮಾತಾಡದೆ ಇಳಿಸಿದರೆ ಯಾರದಾದರೂ ಕಾಲು ಮುರಿಯುತ್ತದೆಂದು ಅವಳ ಲೆಕ್ಕ.

ಆದರೆ ಇವರಿಬ್ಬರೂ ಹಟಮಾರಿಗಳು. ಬಾಯಿ ಬಿಡಲಿಲ್ಲ. ಕೊನೆಗೆ ಅವಳೇ ಕಂಬಿಯ ಪಕ್ಕ ನಿಂತು, ಮೆಟ್ಟಿಲು ಬಂದಾಗಲೆಲ್ಲ ಡ್ರಮ್ಮಿನ ಕೋಲಿನಿಂದ ಕಂಬಿಗೆ ಟಕ್ ಎಂದು ಬಡಿಯುತ್ತಿದ್ದಳು. ಪ್ರತಿ ಭಾನುವಾರ. ಬೈಯುತ್ತಲೂ ಇದ್ದಳು. “ಕತ್ತೆಗಳಾ, ನಾನು ಸತ್ರೆ ಯಾರ್ರೋ ಬಡೀತಾರೆ?”

*

ಲಾಂಡ್ರಿಯ ಮೇಲೆಯೇ ಅವರ ಮನೆ. ಕೆಳಗೆ ಕೊಕ್ಕೆಗಳಲ್ಲಿ ಜನರ ಕೋಟುಗಳು ಇನ್ನೂ ತೂಗುತ್ತಿದ್ದವು, ಪ್ರತಿಯೊಂದಕ್ಕೂ ಅವಳು ಪಿನ್ನು ಚುಚ್ಚಿದ ಚೀಟಿ. ಮೆಟ್ಟಿಲಿನಲ್ಲಿ ಎರಡಾಳು ಅಕ್ಕಪಕ್ಕ ನಿಲ್ಲಲು ಜಾಗವಿರಲಿಲ್ಲ. ಶವಪೆಟ್ಟಿಗೆಯ ಅಂಗಡಿಯ ಆಳುಗಳು ಮೇಲೆ ಕೆಳಗೆ ನೋಡಿ ತಲೆ ಅಲ್ಲಾಡಿಸಿದರು.

“ನೀವು ಬಿಡಿ,” ಎಂದರು ಗಂಡ. “ಇವರಿಗೆ ಅಭ್ಯಾಸ ಇದೆ.”

ಎಲೆಕ್ಟ್ರಿಷಿಯನ್ ಕೆಳಗಿನ ತುದಿ ಹಿಡಿದ. ಮೇಷ್ಟ್ರು ಮೇಲಿನದು. ಅವಳು ಪುಟ್ಟ ಹೆಂಗಸು, ಆದರೂ ಮರದ ಪೆಟ್ಟಿಗೆ ಭಾರವಾಗಿತ್ತು. ಅವನು ಹಿಮ್ಮುಖವಾಗಿ ಒಂದು ಹೆಜ್ಜೆ ಇಟ್ಟ. ಇನ್ನೊಂದು. ಮೂರನೆಯದಕ್ಕೆ ಅಂದಾಜು ತಪ್ಪಿ ಹಿಮ್ಮಡಿ ಗಾಳಿಗಿಳಿಯಿತು. ಪೆಟ್ಟಿಗೆ ಜಗ್ಗಿತು. ಕೆಳಗೆ ನಿಂತಿದ್ದ ಗಂಡ ಎರಡೂ ಕೈ ಚಾಚಿದರು, ಹಿಡಿಯಬಲ್ಲವರಂತೆ.

ಎಲ್ಲೂ ಟಕ್ ಎನ್ನಲಿಲ್ಲ.

“ಮೆಟ್ಟಿಲು,” ಎಂದರು ಮೇಷ್ಟ್ರು.

ಅವನು ಇಳಿದ.

“ಮೆಟ್ಟಿಲು. ಹ್ಞಾಂ. ಇನ್ನೊಂದು. ನಿಲ್ಲು, ತಿರುವು ಬಂತು.”

“ಗೋಡೆ ಇದೆ ಸಾರ್.”

“ಕಾಣ್ತಿದೆ. ನಿನ್ನ ಕೈ ಜೋಪಾನ, ನಾಳೆ ಗಿಟಾರು ಹಿಡೀಬೇಕು.”

“ನಾಳೆ ಅಲ್ಲ ಸಾರ್. ಇವತ್ತೇ.”

“ಇವತ್ತೇ. ಮೆಟ್ಟಿಲು.”

ನೆಲ ಸಿಕ್ಕಿತು. ಗಂಡ ಪೆಟ್ಟಿಗೆಯ ನಾಲ್ಕೂ ಮೂಲೆಗಳನ್ನು ಬೆರಳಿನಿಂದ ಸವರಿ ನೋಡಿದರು.

“ಒಂದು ಕಡೇನೂ ತಾಗಿಸಲಿಲ್ಲ,” ಎಂದರು. “ವಾಷಿಂಗ್ ಮಷಿನ್ ಇಳಿಸಿದೋರು ಗೋಡೆನೆಲ್ಲ ಕೆರೆದು ಹೋಗಿದ್ರು. ಅವತ್ತು ಇವಳು ಬೈದಿದ್ದು ಬೀದಿಗೇ ಕೇಳಿಸಿತ್ತು.”

ವ್ಯಾನಿನಲ್ಲಿ ಪೆಟ್ಟಿಗೆಯ ಎರಡು ಬದಿಗೆ ಇಬ್ಬರೂ ಕೂತರು. ಗಂಡ ಮುಂದೆ, ಡ್ರೈವರಿನ ಪಕ್ಕ. ಸ್ವಲ್ಪ ದೂರ ಹೋದ ಮೇಲೆ ಎಲೆಕ್ಟ್ರಿಷಿಯನ್ ಕೆಮ್ಮಿದ.

“ಸಾರ್, ನನ್ನ ಗಿಟಾರು ಕೇಳಿದ್ರೆ ಕಣ್ಣಲ್ಲಿ ನೀರು ಬರತ್ತೆ ಅಂತ ನೀವು ಅಂದಿದ್ರಂತೆ. ಅಕ್ಕ ಹೇಳಿದ್ಲು.”

ಮೇಷ್ಟ್ರು ಯೋಚಿಸಿದರು. “ಕಿವಿಯಲ್ಲಿ ರಕ್ತ ಬರತ್ತೆ ಅಂದಿದ್ದೆ.”

“ಓ.”

“ನೀನೇನೋ ನನ್ನ ಕೈ ಓಡೋದನ್ನ ನೋಡ್ತಾ ಇದ್ರೆ ನಿನ್ನ ತಾಳ ತಪ್ಪೇ ಹೋಗತ್ತೆ, ಅಷ್ಟು ಚೆಂದ ಅಂದ್ಯಂತೆ?”

“ತಾಳ ತಪ್ಪತ್ತೆ ಅಂದಿದ್ದು ನಿಜ ಸಾರ್. ಉಳಿದಿದ್ದು ಅಕ್ಕಂದು.”

“ದೇವರ ಮನೇಲಿ ನಿಂತು ಸುಳ್ಳು ಹೇಳಿದ್ಲು.”

“ಅದೂ ಮೈಕಿನ ಪಕ್ಕದಲ್ಲೇ.”

ಮೊದಲು ಮೇಷ್ಟ್ರ ಭುಜ ಅಲುಗಿತು. ಆಮೇಲೆ ಇಬ್ಬರಿಗೂ ತಡೆಯಲಾಗಲಿಲ್ಲ. ಗಂಡ ಹಿಂದಿರುಗಿ ನೋಡಿದರು. ಹಿಂದಿದ್ದವರು ನಗುತ್ತಿದ್ದಾರೋ ಅಳುತ್ತಿದ್ದಾರೋ ಗೊತ್ತಾಗದೆ, ಏನಾದರೂ ಸರಿಯೇ ಎನ್ನುವಂತೆ ತಲೆಯಾಡಿಸಿ ರಸ್ತೆಯತ್ತ ತಿರುಗಿದರು.

*

ಚರ್ಚು ತುಂಬಿತ್ತು. ಅವಳು ಇಸ್ತ್ರಿ ಮಾಡಿದ ಅಂಗಿಗಳೇ ಅರ್ಧ ಸಾಲುಗಳಲ್ಲಿ ಕೂತಿದ್ದವು. ಪಾಸ್ಟರ್ ಚಿಕ್ಕದಾಗಿ ಮಾತಾಡಿದರು. “ಈ ಬ್ಯಾಂಡು ಒಡೆದು ಹೋಗತ್ತೆ ಅಂತ ನಾನು ಎಷ್ಟೋ ಸಲ ಅಂದ್ಕೊಂಡೆ. ಅಕ್ಕ ಅಂದ್ಕೊಳ್ಳಲೇ ಇಲ್ಲ. ದೇವರಿಗೆ ಸ್ತೋತ್ರ,” ಎಂದು ಕೂತರು.

ನರ್ಸು ಮೈಕಿನ ಮುಂದೆ ಬಂದಳು. ಮೇಷ್ಟ್ರು ಕೀಬೋರ್ಡಿನಿಂದ ಕೈಯೆತ್ತಿ, ಸ್ಟೂಲಿನ ಕಡೆ ನೋಡದೆ, ನೇರವಾಗಿ ಕೇಳಿದರು.

“ಶ್ರುತಿ ಇಳಿಸಲಾ? ಇವಳ ಗಂಟಲು ಕಟ್ಟಿದೆ.”

“ಇಳಿಸಿ ಸಾರ್. ಒಂದ್ನಿಮಿಷ.” ಅವನು ತಂತಿಗಳ ಮೇಲೆ ಬೆರಳು ಸರಿಸಿಕೊಂಡ. ಸರಿದು ಕೂರುವಾಗ ಅವನ ಮೊಣಕೈ ಡ್ರಮ್ಮಿನ ಹಿಡಿಗೆ ತಗುಲಿ ಅದು ಮೇಲೇರಿತು, ತಳದ ತಂತಿ ಬಿಗಿಯಿತು. ಯಾರೂ ಗಮನಿಸಲಿಲ್ಲ.

ಮೇಷ್ಟ್ರು ಮೊದಲ ತಗ್ಗು ಸ್ವರ ಒತ್ತಿದರು. ಖಾಲಿ ಸ್ಟೂಲಿನ ಮುಂದೆ ಡ್ರಮ್ಮು ‘ಜುಂಯ್’ ಎಂದಿತು.

ಎಲೆಕ್ಟ್ರಿಷಿಯನ್ ಗಾಬರಿಯಿಂದ ಹಿಡಿ ಇಳಿಸಲು ಕೈ ಚಾಚಿದ.

“ಬೇಡ,” ಎಂದರು ಮೇಷ್ಟ್ರು. “ಇರಲಿ ಬಿಡು.”

ಗಿಟಾರು ಸೇರಿಕೊಂಡಿತು. ಹಾಡು ಮುಗಿಯುವವರೆಗೂ, ಅವರಿಬ್ಬರ ಸ್ವರ ಕೂಡಿದಾಗಲೆಲ್ಲ, ಡ್ರಮ್ಮಿನ ತಳದ ತಂತಿಗಳು ಅದುರುತ್ತಲೇ ಇದ್ದವು.