ಮಂಡಿಯ ದೃಷ್ಟಿಬೊಟ್ಟು

ಅಜ್ಜಂಪುರದ ರೇಣುಕಪ್ರಸಾದನ ಈರುಳ್ಳಿ ಮಂಡಿಯಲ್ಲಿ ಬೆಳಿಗ್ಗೆ ಷಟರ್ ಎತ್ತಿದ ಮೇಲೆ ಮೊದಲು ಒಳಗೆ ಕಾಲಿಡಬೇಕಾದವಳು ಅವನ ಹೆಂಡತಿ ಸುಮನಾ. ತೂಕದ ಯಂತ್ರಕ್ಕೆ ಊದುಬತ್ತಿ ಬೆಳಗಿ ಅವಳು ಬಾಗಿಲಿಗೆ ಎದುರಾಗಿ ಕೂರಬೇಕು. ಚೀಲ ತಂದ ರೈತ ಬೇರೆ ಯಾರನ್ನೂ ನೋಡುವ ಮೊದಲು ಅವಳನ್ನು ನೋಡಬೇಕು. ಯಾಕೆಂದರೆ ಅವಳ ಎಡಗಣ್ಣಿನ ಕೆಳರೆಪ್ಪೆಯ ಮೇಲೆ, ಮೂಗಿನ ಕಡೆಯ ಮೂಲೆಯಲ್ಲಿ, ಒಂದು ಕಪ್ಪು ಗಂಟಿತ್ತು.

ಹೆಣ್ಣು ನೋಡಲು ದೇವನೂರಿಗೆ ಹೋದಾಗ ಅದು ಸಾಸಿವೆ ಕಾಳಿನಷ್ಟು ಮಚ್ಚೆ. ಸುಮನಾಳ ತಾಯಿ ಅದರ ಮೇಲೆ ಪೌಡರ್ ಬಳಿದಿದ್ದರು. ರೇಣುಕಪ್ರಸಾದನ ತಾಯಿ ಪ್ರೇಮಮ್ಮ ತನ್ನ ಹೆಬ್ಬೆರಳಿನಿಂದಲೇ ಪೌಡರ್ ಒರೆಸಿದರು.

"ದೇವ್ರೇ ದೃಷ್ಟಿಬೊಟ್ಟಿಟ್ಟು ಕಳ್ಸಿದಾನೆ, ನೀವ್ಯಾಕಮ್ಮ ಮುಚ್ತೀರ? ಈ ಹುಡುಗಿ ಕೂತ ಜಾಗಕ್ಕೆ ಯಾರ ಕಣ್ಣೂ ತಾಗಲ್ಲ."

ಮದುವೆಯಾದ ವರ್ಷ ಬೇರೆ ಸೀಮೆಯಲ್ಲಿ ಈರುಳ್ಳಿ ಕೊಳೆತು ಇಲ್ಲಿ ಬೆಲೆ ಏರಿತು. ಕೊಳೆತದ್ದು ಯಾರದೋ ಬೆಳೆ, ಹೆಸರು ಬಂದದ್ದು ಸೊಸೆಯ ಮಚ್ಚೆಗೆ. ಅಂದಿನಿಂದ ಅವಳು ಮಂಡಿಯ ಕಾವಲುಗಾರ್ತಿ. ಸಂಬಳವಿಲ್ಲ, ರಜೆಯೂ ಇಲ್ಲ.

ಸಾಸಿವೆ ಮೆಣಸಾಯಿತು, ಮೆಣಸು ಕಡಲೆಯಾಯಿತು. ಅಂಚು ಮಿರಮಿರ ಮಿಂಚುತ್ತಿತ್ತು, ನಡುವೆ ಹುಣ್ಣು. ಅದು ಒಣಗಿ ಹಕ್ಕಳೆ ಕಟ್ಟುತ್ತಿತ್ತು, ಉದುರಿದರೆ ರಕ್ತ ಬರುತ್ತಿತ್ತು, ಮತ್ತೆ ಹಕ್ಕಳೆ. ಅಷ್ಟು ಜಾಗದಲ್ಲಿ ರೆಪ್ಪೆಯ ಕೂದಲು ಒಂದೂ ಉಳಿಯಲಿಲ್ಲ. ಕಣ್ಣಲ್ಲಿ ಸದಾ ನೀರು. ಆದರೆ ಈರುಳ್ಳಿ ಮಂಡಿಯಲ್ಲಿ ಕೂತವಳ ಕಣ್ಣಲ್ಲಿ ನೀರು ಬಂದರೆ ಯಾಕೆಂದು ಕೇಳುವವರು ಯಾರು?

ಕೇಳಿದವಳು ತಂಗಿ ಶಾಂಭವಿ. ತರೀಕೆರೆಗೆ ಕೊಟ್ಟಿದ್ದ ಅವಳು ಸೀರೆ ಕೊಳ್ಳುವ ನೆಪ ಹೇಳಿ ಅಕ್ಕನನ್ನು ಅಲ್ಲಿಯ ಕಣ್ಣಿನ ಡಾಕ್ಟರ್ ಗುರುಮೂರ್ತಿಯವರ ಹತ್ತಿರ ಕರೆದೊಯ್ದಳು.

"ಹುಟ್ಟು ಮಚ್ಚೆ ಸಾರ್," ಎಂದಳು ಸುಮನಾ.

ಡಾಕ್ಟರು ದೀಪ ಹಾಕಿ ನೋಡಿದರು. "ಹುಟ್ಟಿದಾಗ ಮಚ್ಚೇನೇ ಇರ್ಬೋದಮ್ಮ. ಮಚ್ಚೆ ಹಿಂಗೆ ಹುಣ್ಣಾಗಿ ರಕ್ತ ಬರಲ್ಲ, ರೆಪ್ಪೆ ಕೂದಲು ಉದುರಿಸಲ್ಲ."

"ಕಣ್ಣುಗುಳ್ಳೆನಾ ಸಾರ್?" ಎಂದು ಶಾಂಭವಿ ಕೇಳಿದಳು.

"ಅದಾದ್ರೆ ಕೆಂಪಗೆ ಊದಿ ನೋವಿರುತ್ತೆ, ಬಿಸಿನೀರಲ್ಲಿ ಬಟ್ಟೆ ಅದ್ದಿ ಕಾವು ಕೊಟ್ರೆ ಸಾಮಾನ್ಯವಾಗಿ ಇಳಿದುಹೋಗುತ್ತೆ. ಇದು ಚರ್ಮದ ಕ್ಯಾನ್ಸರ್ ಅಂತ ನನ್ನ ಅನುಮಾನ. ಹೆದರ್ಬೇಡಿ. ಈ ಜಾತಿದು ಮೈಯೆಲ್ಲ ಹರಡೋದು ಕಡಿಮೆ, ಕೂತ ಜಾಗಾನೇ ತಿನ್ಕೊಂಡು ಹೋಗುತ್ತೆ. ಚೂರು ತೆಗೆದು ಪರೀಕ್ಷೆಗೆ ಕಳ್ಸೋಣ. ಹೌದು ಅಂದ್ರೆ ಬುಡಸಮೇತ ತೆಗೆದು ಹೊಲಿಗೆ ಹಾಕೋದು. ಈಗ ಮಾಡಿದ್ರೆ ಕಣ್ಣು ಉಳಿಯುತ್ತೆ."

"ಆಮೇಲೆ ಅಲ್ಲೇನಿರುತ್ತೆ ಸಾರ್?" ಎಂದು ಸುಮನಾ ಕೇಳಿದಳು.

"ಸಣ್ಣದೊಂದು ಗೀಟು. ಅಷ್ಟೆ."

ಶಾಂಭವಿಗೆ ಉಸಿರು ಬಂತು. ಸುಮನಾಳಿಗೆ ಹೋಯಿತು. ಆ ಮನೆಯಲ್ಲಿ ಅವಳ ಖಾತೆ ಇದ್ದದ್ದು ಆ ಮಚ್ಚೆಯ ಹೆಸರಿಗೆ. ಅದನ್ನೇ ಕತ್ತರಿಸಿದರೆ ಪಹಣಿಯಲ್ಲಿ ಉಳಿಯುವುದೇನು? "ಮನೇಲಿ ಕೇಳಿ ಬತ್ತೀನಿ ಸಾರ್," ಎಂದು ಎದ್ದಳು.

ಮನೆಯಲ್ಲಿ ಕೇಳಿದಳು. ಪ್ರೇಮಮ್ಮ ಹಣೆಗೆ ವಿಭೂತಿ ಹಚ್ಚುತ್ತಿದ್ದವರು ಕೈ ನಿಲ್ಲಿಸಿದರು.

"ಡಾಕ್ಟ್ರ ಕೈಗೆ ಕತ್ತರಿ ಕೊಟ್ರೆ ಸಿಕ್ಕಿದ್ದೆಲ್ಲ ಕತ್ತರಿಸ್ತಾರೆ. ವೀರಭದ್ರಸ್ವಾಮಿಗೆ ಒಂದು ಜೊತೆ ಬೆಳ್ಳಿ ಕಣ್ಣು ಹರಕೆ ಹೊತ್ಕೋತೀನಿ. ಸುಮ್ನಿರು."

"ಅನುಮಾನ ಅಂದ್ರು ತಾನೆ? ಹೌದು ಅನ್ಲಿಲ್ವಲ್ಲ," ಎಂದ ರೇಣುಕಪ್ರಸಾದ. "ಸೀಸನ್ ಮುಗೀಲಿ ಕಣೇ, ನಾನೇ ಕರ್ಕೊಂಡು ಹೋಗ್ತೀನಿ."

"ಅಲ್ಲೀತನಕ ಇದು ಕಾಯುತ್ತೇನ್ರೀ?"

"ಇಷ್ಟು ವರ್ಷ ಕಾದಿಲ್ವಾ?"

ಈರುಳ್ಳಿ ಸೀಸನ್ ಮುಗಿಯಿತು. ಕೊಬ್ಬರಿ ಸೀಸನ್ ಬಂತು. ಅದೂ ಮುಗಿಯುವ ಹೊತ್ತಿಗೆ ಬೀರೂರು ರಸ್ತೆಯಲ್ಲಿ ಹೊಸ ಗೋಡೌನ್ ಪಾಯ ಎದ್ದಿತ್ತು. ಅದರ ಪ್ರವೇಶವಾಗದೆ ಬೊಟ್ಟು ತೆಗೆಸುವುದುಂಟೆ? ಮೆಡಿಕಲ್ ಶಾಪಿನಿಂದ ಒಂದು ಮುಲಾಮು ಮಾತ್ರ ಬಂತು. ಸುಮನಾ ಹಚ್ಚಿದಳು. ಗಂಟು ಅದನ್ನೂ ತಿಂದು ಬೆಳೆಯಿತು.

ಗೋಡೌನ್ ಪ್ರವೇಶಕ್ಕೆ ಫ್ಲೆಕ್ಸ್ ಮಾಡಿಸಿದರು. ಗಂಡ, ಹೆಂಡತಿ, ನಡುವೆ ಪ್ರೇಮಮ್ಮ, ಮೇಲೆ ಸ್ವಾಮಿ. ಫ್ಲೆಕ್ಸ್ ಅಂಗಡಿಯ ಧರ್ಮೇಶ್ ತಂದು ಬಿಚ್ಚಿದಾಗ ಪ್ರೇಮಮ್ಮನ ಮುಖ ಕಪ್ಪಿಟ್ಟಿತು. ಸೊಸೆಯ ಮುಖ ಬೆಳ್ಳಗೆ ನುಣ್ಣಗಿತ್ತು.

"ಬೊಟ್ಟೆಲ್ಲಿ ಹೋಯ್ತೋ?"

"ಕ್ಲೀನ್ ಮಾಡ್ದೆ ಅಜ್ಜಿ. ಎಲ್ರಿಗೂ ಮಾಡ್ತೀನಿ. ನಿಮ್ಮ ಸುಕ್ಕೂ ತೆಗ್ದಿದೀನಿ, ನೋಡಿ."

"ನನ್ ಸುಕ್ಕು ಮನೆ ಹಾಳಾಗ್ಲಿ, ಬೊಟ್ಟು ವಾಪಸ್ ಹಾಕು. ಎದ್ದು ಕಾಣ್ಬೇಕು."

ಸುಮನಾ ತನ್ನ ಶುದ್ಧವಾದ ಮುಖವನ್ನೇ ನೋಡುತ್ತಿದ್ದಳು. "ತೆಗಿಯಕ್ಕೆ ಎಷ್ಟೊತ್ತು ಹಿಡೀತೋ ಧರ್ಮೇಶ?"

"ಒಂದೇ ಕ್ಲಿಕ್ ಅಕ್ಕ."

ಬೊಟ್ಟಿನ ಹೊಸ ಫ್ಲೆಕ್ಸ್ ಬಂದು ಗೋಡೌನ್ ಏರಿತು. ಬೊಟ್ಟಿಲ್ಲದ ಹಳೆಯದನ್ನು ವ್ಯರ್ಥ ಮಾಡುವುದೇಕೆಂದು ಈರುಳ್ಳಿ ರಾಶಿಗೆ ಹೊದಿಸಿದರು. ಮಳೆ ಬಂದಾಗಲೆಲ್ಲ ಆ ಸುಂದರ ಮುಖ ನೆನೆಯುತ್ತಿತ್ತು, ಈ ಮುಖ ಒಳಗೆ ಬೆಚ್ಚಗೆ ಕೊಳೆಯುತ್ತಿತ್ತು.

ಮುಂದಿನ ಸೀಸನ್ ಮಧ್ಯದಲ್ಲಿ ಒಂದು ಬೆಳಿಗ್ಗೆ ಸುಮನಾ ತೂಕದ ಯಂತ್ರ ನೋಡಿ ಹೇಳಿದಳು, "ರೀ, ನಂಗೆ ಅಂಕಿ ಎರಡೆರಡು ಕಾಣ್ತಿದೆ."

ರಕ್ತ ಬಂದಾಗ ಏಳದ ರೇಣುಕಪ್ರಸಾದ ತೂಕ ಎರಡಾಯಿತೆಂದ ಕೂಡಲೇ ಎದ್ದು ಕಾರು ತೆಗೆದ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು, ಚೂರು ತೆಗೆದು ಪರೀಕ್ಷೆಯೂ ಆಯಿತು. ಅನುಮಾನ ಈಗ ಹೌದಾಗಿತ್ತು. ಗಂಟು ಕಣ್ಣಿನ ಗೂಡಿನ ಒಳಕ್ಕೆ ಇಳಿದಿತ್ತು, ಕಣ್ಣು ಸಮೇತ ತೆಗೆಯಬೇಕಿತ್ತು. "ಮೊದ್ಲೇ ಬಂದಿದ್ರೆ..." ಎಂದು ಅಲ್ಲಿಯ ಡಾಕ್ಟರು ಮಾತು ಅರ್ಧಕ್ಕೆ ಬಿಟ್ಟರು.

"ಸಣ್ಣದೊಂದು ಗೀಟಲ್ಲಿ ಮುಗೀತಿತ್ತು," ಎಂದು ಶಾಂಭವಿ ಭಾವನ ಮುಖ ನೋಡಿ ಮುಗಿಸಿದಳು. ರೇಣುಕಪ್ರಸಾದ ಫೋನ್ ಬಂದವನಂತೆ ಹೊರಗೆ ಹೋದ.

ಎಡಗಣ್ಣಿದ್ದ ಜಾಗಕ್ಕೆ ಕಪ್ಪು ಪಟ್ಟಿ ಕಟ್ಟಿಕೊಂಡು ಸುಮನಾ ಮನೆಗೆ ಬಂದಳು. ಪ್ರೇಮಮ್ಮ ಅತ್ತರು. ಅತ್ತು ಮುಗಿಸಿ ಕೇಳಿದರು, "ಹರಕೆ ಹೊತ್ತಿದ್ದು ಒಂದು ಜೊತೆ. ಈಗ ಒಂದು ಕೊಟ್ರೆ ಸಾಕಲ್ವೇನೋ ರೇಣುಕ?"

ಗಾಯ ಮಾಗಿದ ಮೇಲೆ ಒಂದು ಬೆಳಿಗ್ಗೆ ಸುಮನಾ ಊದುಬತ್ತಿ ಕೈಗೆತ್ತಿಕೊಂಡಳು. ಪ್ರೇಮಮ್ಮ ಬಾಗಿಲಿಗೆ ಅಡ್ಡ ಬಂದರು.

"ನೀನು ಒಳಗೇ ಇರಮ್ಮ. ಬೆಳಿಗ್ಗೆ ಎದ್ದು ವ್ಯಾಪಾರದ ಜಾಗದಲ್ಲಿ ಒಕ್ಕಣ್ಣಿನ ಮುಖ ಎದುರಾದ್ರೆ ಜನ ಶಕುನ ನೋಡ್ತಾರೆ."

"ಇಷ್ಟು ವರ್ಷ ಈ ಮುಖಾನೇ ತೋರ್ಸಿದ್ರಲ್ಲ ಅತ್ತೆ."

"ಆಗ ಬೊಟ್ಟಿತ್ತು."

ಸುಮನಾ ಅತ್ತೆಯ ತೋಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಹೊರಟಳು. ಮಂಡಿಯಲ್ಲಿ ಷಟರ್ ಎತ್ತಿ ಬಾಗಿಲಿಗೆ ಎದುರಾಗಿ, ತನ್ನ ಎಂದಿನ ಜಾಗದಲ್ಲಿ ಕೂತಳು. ಹಿಂದೆಯೇ ಓಡಿ ಬಂದ ರೇಣುಕಪ್ರಸಾದ ಏನಾದರೂ ಹೇಳುವುದರೊಳಗೆ ಎಮ್ಮೆದೊಡ್ಡಿಯ ಕೆಂಚಪ್ಪ ಚೀಲ ಹೊತ್ತು ಒಳಗೆ ಬಂದುಬಿಟ್ಟ. ಸುಮನಾಳ ಕಣ್ಣಿನ ಕಪ್ಪು ಪಟ್ಟಿ ಕಂಡು ಚೀಲ ಇಳಿಸುವುದನ್ನೇ ಮರೆತ.

"ಏನವ್ವಾ ಇದು, ಕಣ್ಣಿಗೇನಾಯ್ತು?"

"ಏನಿಲ್ಲ ಕಣಣ್ಣ. ಮಂಡಿ ಬೆಳೀತಲ್ಲ, ಬೊಟ್ಟು ಸಣ್ಣದಾಯ್ತು ಅಂತ ದೊಡ್ಡದು ಮಾಡ್ಸಿದ್ರು," ಎಂದಳು ಸುಮನಾ. "ಚೀಲ ತೂಕಕ್ಕಿಡು."