ತೆರೆದ ಬಾಯಿಗಳಿಗೆ ಸುವಾರ್ತೆ

ಹಲ್ಲಿನ ಡಾಕ್ಟರು ತಮ್ಮ ಬದುಕನ್ನು ಪೂರ್ತಿಯಾಗಿ ಯೇಸುವಿಗೆ ಒಪ್ಪಿಸಿಕೊಟ್ಟ ಮೇಲೆ ಅವರ ಕುರ್ಚಿಯಲ್ಲಿ ಕೂತವರಿಗೆ ಬಿಡುಗಡೆ ಇಲ್ಲದಂತಾಯಿತು. ಅದುವರೆಗೂ ಭಾನುವಾರ ಆರಾಧನೆಗೆ ಹೋಗಿ ಬಂದರೆ ಮುಗಿಯಿತು ಅನ್ನುವ ಪೈಕಿ ಅವರು. ಒಂದು ಉಪವಾಸ ಪ್ರಾರ್ಥನೆಯಲ್ಲಿ ಗಳಗಳನೆ ಅತ್ತು ಎದ್ದವರು, ಇನ್ನು ಅರೆಬರೆ ಭಕ್ತಿ ಬೇಡ, ಸಿಕ್ಕವರಿಗೆಲ್ಲ ಸಾಕ್ಷಿ ಹೇಳುತ್ತೇನೆ ಎಂದು ನಿಶ್ಚಯಿಸಿದರು.

ಸಿಕ್ಕವರೆಂದರೆ ಬಾಯಿ ಅಗಲಿಸಿ ಮಲಗಿದವರು. ನಾಲಗೆಯ ಆಚೆ ಹತ್ತಿಯುಂಡೆ, ಈಚೆ ಕೊಳವೆ. ಡಾಕ್ಟರು ಕೊರೆಯುವ ಯಂತ್ರ ನಿಲ್ಲಿಸಿ, "ದೇವರಿಗೆ ಹೃದಯ ಕೊಟ್ಟಿದ್ದೀರಾ?" ಅನ್ನುತ್ತಿದ್ದರು. "ಆಂ... ಆಂ..." ಎಂಬುದೇ ಉತ್ತರ. ಮೌನವೇ ಸಮ್ಮತಿ ಅನ್ನುವುದಾದರೆ ಇದು ಅದಕ್ಕಿಂತ ಒಂದು ತೂಕ ಹೆಚ್ಚೇ ಎಂದು ಅವರ ಲೆಕ್ಕ.

"ಇವತ್ತೂ ಯಾರೂ ಎದುರು ಮಾತಾಡಲಿಲ್ಲ ಕಣೇ," ಎಂದು ಮನೆಗೆ ಬಂದು ಹೆಂಡತಿಗೆ ಹೇಳಿದರು.

"ಬಾಯೊಳಗೆ ಕೈ ಇಟ್ಕೊಂಡು ಕೇಳಿದ್ರೆ ಯಾರು ತಾನೇ ಮಾತಾಡ್ತಾರೆ?" ಅಂದಳು ಆಕೆ.

ಆ ದಿನಗಳಲ್ಲೇ ವಕೀಲಮ್ಮ ದವಡೆ ಹಿಡಿದುಕೊಂಡು ಬಂದದ್ದು. ನ್ಯಾಯಾಧೀಶರಿಗೂ ಬಾಯಿ ಮುಚ್ಚಿಸಲಾಗದ ಹೆಂಗಸು. ಹಲ್ಲಿನ ಬೇರಿಗೆ ಕೀವು ತುಂಬಿ ಸುಮ್ಮನಾಗಿದ್ದಳು. ವಾರವಾರ ಬಂದು ಮಲಗಬೇಕಾಯಿತು. ಡಾಕ್ಟರು ಕ್ಷಮೆಯ ವಿಷಯ ಎತ್ತಿಕೊಂಡರು.

"ಮುನಿಸಿಕೊಂಡ ಒಡಹುಟ್ಟಿದವರ ಹತ್ರ ಮೊದಲು ರಾಜಿ ಆಗ್ಬೇಕು ವಕೀಲಮ್ಮ, ಆಮೇಲೆ ದೇವರಿಗೆ ಕಾಣಿಕೆ. ಅರ್ಧ ಮನಸ್ಸಿನ ಭಕ್ತಿ ಕ್ಲೀನ್ ಮಾಡ್ದೆ ಮುಚ್ಚಿದ ಹಲ್ಲಿದ್ದ ಹಾಗೆ, ಒಳಗೇ ಕೊಳೆಯುತ್ತೆ." ಹೋಲಿಕೆ ತಮಗೇ ಬಹಳ ಹಿಡಿಸಿ ಇನ್ನೊಮ್ಮೆ ಹೇಳಿದರು.

ಕೊನೆಯ ಸಲ ಹಲ್ಲಿಗೆ ಕ್ಯಾಪ್ ಕೂರಿಸಿದ್ದಾಯಿತು. ವಕೀಲಮ್ಮ ಬಾಯಿ ಮುಕ್ಕಳಿಸಿ ಎದ್ದು ಕೂತಳು; ಹೊರಡಲಿಲ್ಲ.

"ಅಕ್ಕನ ಮನೆಗೆ ಹೋಗಿದ್ದೆ ಡಾಕ್ಟ್ರೇ. ಅವಳ ವಿಚ್ಛೇದನದಲ್ಲಿ ಅವಳ ಗಂಡನ ಪರ ವಾದ ಮಾಡಿದ ಪಾಪಿ ನಾನು. ಕಾಲು ಹಿಡಿದು ಕ್ಷಮೆ ಕೇಳ್ದೆ, ಬಾಗಿಲು ಹಾಕ್ಕೊಂಡ್ಳು. ಮಾರನೇ ದಿನ ಮತ್ತೆ ಹೋದೆ. ಒಳಗೆ ಕರೆದ್ಳು. ಇನ್ಮೇಲೆ ನಿಮ್ಮ ಸಭೆಗೂ ಬರ್ತೀನಿ."

ಡಾಕ್ಟರ ಎದೆಯುಬ್ಬಿತು. ಮೊದಲ ಫಲ! "ದೇವರಿಗೆ ಸ್ತೋತ್ರ!" ಅಂದರು.

"ಇರಿ. ನೀವು ಯಾರ ಹತ್ರ ಹೋದ್ರಿ?"

"ನಾನಾ? ನನಗೆ ಯಾರ ಜೊತೆ ತಾನೇ ಜಗಳ..."

"ತಮ್ಮ ಇದ್ದಾರಲ್ಲ ಸಾರ್," ಅಂದಳು ನರ್ಸಮ್ಮ, ಇಕ್ಕಳ ತೊಳೆಯುತ್ತಾ, ಕತ್ತು ಎತ್ತದೆ.

ವಕೀಲಮ್ಮನ ಹುಬ್ಬು ಏರಿತು. "ಹೋಗಿದ್ರಾ, ಇಲ್ವಾ? ಒಂದೇ ಮಾತಲ್ಲಿ ಹೇಳಿ."

ಮಾಸ್ಕಿನೊಳಗೆ ಡಾಕ್ಟರ ಮುಖ ಬೆವರಿತು. "ಆಂ..." ಅಂದರು.

ಅವರ ತಾಯಿ ಕೊನೆಗಾಲ ಕಳೆದದ್ದು ತಮ್ಮನ ಮನೆಯಲ್ಲಿ. ಸೀರೆ ಬದಲಿಸಿ, ಹಾಸಿಗೆ ಒಗೆದು, ತುತ್ತು ಉಣಿಸಿದವನು ಅವನೇ. ಆದರೂ ಸಮಾಧಿಯ ಮುಂದೆ ಎಲ್ಲರೆದುರು, "ನೀನು ಸರಿಯಾಗಿ ನೋಡ್ಕೊಂಡಿದ್ರೆ ಅಮ್ಮ ಬದುಕ್ತಿದ್ರು" ಅಂದುಬಿಟ್ಟಿದ್ದರು ಈ ಅಣ್ಣ. ಅಲ್ಲಿಂದ ಮಾತಿಲ್ಲ, ಕತೆಯಿಲ್ಲ. ಆ ತಮ್ಮನೋ ಚರ್ಚಿನ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಅವನಿಗೋಸ್ಕರ ಡಾಕ್ಟರು ದಿನಾ ಪ್ರಾರ್ಥಿಸುತ್ತಿದ್ದರು, ಅವನು ಪಶ್ಚಾತ್ತಾಪಪಡಲಿ ಎಂದು.

ಶನಿವಾರ ಸಂಜೆ ತಮ್ಮನ ಮನೆಯ ಮೆಟ್ಟಿಲು ಹತ್ತಿದರು. ದಾರಿಯುದ್ದಕ್ಕೂ ಹೊಸೆದ ಮಾತೆಲ್ಲ ಬಾಗಿಲು ತೆರೆದ ಕೂಡಲೇ ಗಾಳಿಗೆ ಹೋಯಿತು.

"ಬೋಧನೆ ಮಾಡೋಕೆ ಬಂದ್ಯಾ?" ಅಂದ ತಮ್ಮ. "ನನ್ನ ಹಲ್ಲೆಲ್ಲ ಗಟ್ಟಿಯಾಗೇ ಇವೆ."

"ಅಮ್ಮನ ವಿಷಯದಲ್ಲಿ ನಾನು ಆಡಿದ್ದು ಸುಳ್ಳು ಕಣೋ. ನಿನ್ನಷ್ಟು ನಾನು ಮಾಡಲಿಲ್ಲ. ಆ ಹೊಟ್ಟೆಕಿಚ್ಚಿಗೆ ಅಂದೆ."

ತಮ್ಮ ಬಾಗಿಲಲ್ಲೇ ನಿಂತು ಬಾಯಿಗೆ ಬಂದದ್ದನ್ನೆಲ್ಲ ಅಂದ. ಅಂದು ಅಂದು ದಣಿದ. ಡಾಕ್ಟರು ಮೆಟ್ಟಿಲ ಮೇಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಗೆ ಒಳಗಿನಿಂದ ತಮ್ಮನ ಹೆಂಡತಿ, "ಇಬ್ರೂ ಒಳಗೆ ಬನ್ನಿ, ಟೀ ಆರ್ತಾ ಇದೆ," ಎಂದು ಕೂಗಿದಳು.

ಮಾರನೆಯ ದಿನ ಆರಾಧನೆಯಲ್ಲಿ ವಕೀಲಮ್ಮ ಮುಂದಿನ ಸಾಲಿನಲ್ಲಿದ್ದಳು. ಡಾಕ್ಟರ ಜಾಗ ಮಾತ್ರ ಖಾಲಿ. ಪಾದ್ರಿಗಳು ವಿಚಾರಿಸಿದಾಗ, "ತಮ್ಮನ ಮನೆಗೆ ಹೋಗಿದ್ದಾರೆ," ಅಂದಳು ಹೆಂಡತಿ. "ಸುವಾರ್ತೆ ಸಾರಲು ಆರಾಧನೆಯನ್ನೂ ಬಿಟ್ಟ ಮಹನೀಯ!" ಎಂದು ಪಾದ್ರಿಗಳು ಸಭೆಗೆಲ್ಲ ಮೇಲ್ಪಂಕ್ತಿಯಾಗಿ ತೋರಿಸಿ ವಿಶೇಷ ಪ್ರಾರ್ಥನೆ ಮಾಡಿದರು.

ಅತ್ತ ತಮ್ಮ ಏಣಿ ಹತ್ತಿ ಗೋಡೆಗೆ ಸುಣ್ಣ ಹೊಡೆಯುತ್ತಿದ್ದ. ಕೆಳಗೆ ನಿಂತ ಡಾಕ್ಟರ ಬೋಳುತಲೆಯ ಮೇಲೆ ಹನಿ ಬೀಳುತ್ತಿತ್ತು.

"ನೋಡು, ದೇವರ ಪ್ರೀತಿ ಏನಂದ್ರೆ..." ಎಂದು ಅವರು ಶುರುಮಾಡಿದರು.

"ಅಣ್ಣಾ, ಮಾತು ಆಮೇಲೆ," ಅಂದ ತಮ್ಮ. "ಮೊದಲು ಏಣಿ ಸರಿಯಾಗಿ ಹಿಡ್ಕೋ."