ಮೂರು ಕಡಸು, ಒಂದು ದೊಡ್ಡಿ

ಹನೂರಿನ ಮಹಿಳಾ ಸಂಘಗಳ ಹೆಂಗಸರಿಗೆ ಹಣ ಹೂಡುವುದು ಹೇಗೆ ಅಂತ ಪಾಠ ಹೇಳುವುದು ನನ್ನ ಕೆಲಸ. ಮೇಲಿನವರು ಕೊಟ್ಟ ಪುಸ್ತಕದಲ್ಲಿ ‘ದ್ರವ್ಯತೆ’, ‘ವೈವಿಧ್ಯೀಕರಣ’ ಅಂತೆಲ್ಲ ಇದೆ. ಅದನ್ನು ಬರೆದ ಮಹಾನುಭಾವ ಸಿಕ್ಕರೆ ಸಂಘದ ತಗಡಿನ ಸೂರಿನ ಕೆಳಗೆ ಒಂದು ಮಧ್ಯಾಹ್ನ ಕೂರಿಸಿ, ಅವನ ಪುಸ್ತಕವನ್ನು ಅವನಿಗೇ ಓದಿ ಹೇಳಬೇಕು ಅಂತ ನನಗೆ ಬಹಳ ಆಸೆ. ಮೊದಲ ದಿನ ನಾನು ‘ವೈವಿಧ್ಯೀಕರಣ’ ಅನ್ನುವಷ್ಟರಲ್ಲಿ ಮುಂದಿನ ಸಾಲಿನಲ್ಲೇ ಗೊರಕೆ ಶುರುವಾಗಿತ್ತು.

ಮುಂದಿನ ಸಲ ಪುಸ್ತಕ ಮುಚ್ಚಿಟ್ಟು ಕೊಟ್ಟಿಗೆಯ ಮಾತಿಗೆ ಇಳಿದೆ. ಕಡಸನ್ನು ಪಾಲಿಗೆ ಬಿಡುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಹೆಣ್ಣುಕರು ಕೊಂಡುಕೊಡುವವರು ಒಬ್ಬರು, ಮೇಯಿಸಿ ಬೆಳೆಸುವವರು ಇನ್ನೊಬ್ಬರು. ಅದು ಗಬ್ಬವಾದ ಮೇಲೆ ಮಾರಿ, ಬಂದದ್ದರಲ್ಲಿ ಇಬ್ಬರಿಗೂ ಅರ್ಧರ್ಧ.

“ಶೇರು ಅಂದ್ರೆ ಇಷ್ಟೇ ಕಣ್ರಮ್ಮ. ಸಾಕೋದು ಕಂಪನಿ, ಪಾಲು ನಮ್ದು. ಕಡಸು ಸತ್ರೆ ನಮ್ ದುಡ್ಡೂ ಓಯ್ತು, ಅದೇ ರಿಸ್ಕು. ಮಾರ್ದೆ ಉಳಿಸ್ಕಂಡು ಅದು ಕರಾವು ಕೊಟ್ರೆ ಆ ಹಾಲೇ ಡಿವಿಡೆಂಡು. ಮ್ಯೂಚುವಲ್ ಫಂಡ್ ಅಂದ್ರೆ, ನೂರಾರು ಜನ ದುಡ್ಡು ಸೇರ್ಸಿ ಒಬ್ಬ ತಿಳಿದೋನ್ ಕೈಗೆ ಕೊಟ್ಟು, ಒಳ್ಳೆ ದನ ನೋಡಿ ಕಟ್ಟಪ್ಪಾ ಅನ್ನೋದು. ಅವ್ನು ಕೂಲಿ ಇಡ್ಕತಾನೆ.”

ಎಫ್‌ಡಿಗೆ ನೆಲದಡಿ ಮುಚ್ಚಿಟ್ಟ ಹಗೇವಿನ ರಾಗಿ ತಂದೆ. ನಡುವೆ ಅದರ ಬಾಯಿ ತೆಗೆದರೆ ನಷ್ಟ ನಿಮ್ಮದೇ ಅಂದೆ. ಹಣದುಬ್ಬರಕ್ಕೆ ಹನೂರು ಬಸ್‌ಸ್ಟ್ಯಾಂಡಿನ ಬೋಂಡ ಸಾಕಾಯಿತು. ವರ್ಷ ವರ್ಷ ಬೋಂಡ ಚಿಕ್ಕದಾಗುತ್ತದೆ, ಕಾಸು ದೊಡ್ಡದಾಗುತ್ತದೆ. ಗೊರಕೆ ನಿಂತಿತು. ನಾನು ಉಬ್ಬಿಹೋದೆ.

“ಯಾವತ್ತೂ ಒಂದೇ ಕಡೆ ಆಕ್ಬೇಡಿ. ಹಂಚಿ. ನಾನೇ ನೋಡಿ, ಮೂರು ಫಂಡಿಗೆ ಹಂಚಿದೀನಿ” ಅಂತ ಮೂರು ಬೆರಳು ಎತ್ತಿ ತೋರಿಸಿದೆ.

ಹಿಂದಿನ ಸಾಲಿನಲ್ಲಿ ನನ್ನ ಅತ್ತೆ ಪುಟ್ಟಬಸಮ್ಮ ಕೂತಿದ್ದರು. ಅವರೂ ಮೂರು ಬೆರಳು ಎತ್ತಿ ನೋಡಿಕೊಂಡರು.

ಅತ್ತೆಗೆ ಬೇಕಾಗಿದ್ದದ್ದು ಸ್ಕೂಟರು. ಐವತ್ತೆರಡನೇ ವಯಸ್ಸಿಗೆ ಇದೇನು ಹುಚ್ಚು ಅಂತ ನಮ್ಮೂರು ಕಾಮಗೆರೆಯಲ್ಲಿ ಅರ್ಧ ಊರೇ ನಕ್ಕಿತ್ತು. ಮಾವ ತೀರಿಕೊಂಡ ಮೇಲೆ ಹೊಲಕ್ಕೆ, ಹನೂರಿನ ಮಂಡಿಗೆ, ಆಸ್ಪತ್ರೆಗೆ ಎಲ್ಲಕ್ಕೂ ಅವರಿಗೆ ಮಾವನ ಅಣ್ಣ ಗುರುಸಿದ್ದಯ್ಯನ ಬೈಕೇ ಗತಿ. ನನ್ನ ಗಂಡ ಮೂರ್ತಿ ಕೊಳ್ಳೇಗಾಲದಲ್ಲಿ ಗುಮಾಸ್ತ, ಅವನ ಬೈಕು ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಗುರುಸಿದ್ದಯ್ಯ ದೊಡ್ಡ ಮನುಷ್ಯ. ಅತ್ತೆಯನ್ನು ಬಾಗಿಲಲ್ಲಿ ಕಾಯಿಸಿ, ಕಾಫಿ ಕುಡಿದು, ಎಲೆಅಡಿಕೆ ಹಾಕಿಕೊಂಡು, ಹಿಂದಿನ ಸೀಟಿಗೆ ಹಿಂಡಿ ಮೂಟೆ ಕಟ್ಟಿ, “ಜಾಗ ಇಲ್ಲ ಕಣಮ್ಮಿ, ನಾಳಿಕ್ ಬಾ” ಅನ್ನುತ್ತಿದ್ದ. ಹತ್ತಿಸಿಕೊಂಡ ದಿನ ಸಿಕ್ಕಸಿಕ್ಕವರಿಗೆಲ್ಲ, “ಏನ್ಮಾಡದು, ತಮ್ಮನ್ ಎಂಡ್ರು, ನಾನೇ ಹೊರ್ಬೇಕು” ಅನ್ನುತ್ತಿದ್ದ. ಅದನ್ನು ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು. ಅತ್ತೆ ಮಾತ್ರ ಸೆರಗು ಬಿಗಿಯಾಗಿ ಹೊದ್ದು ಅವನ ಹಿಂದೆ ಕೂರುತ್ತಿದ್ದರು.

ಆ ವರ್ಷದ ಅರಿಶಿನದ ಬೆಳೆಯ ದುಡ್ಡಲ್ಲಿ ಅತ್ತೆ ಸ್ಕೂಟರಿಗೆಂದೇ ಮೂರು ಕಡಸು ಕೊಂಡರು. ನನ್ನ ಪಾಠದ ಪ್ರಕಾರವೇ ಹಂಚಿದರು. ಒಂದು ಧನಗೆರೆಗೆ, ಒಂದು ಕೊಳ್ಳೇಗಾಲದ ಪಕ್ಕದ ಹಳ್ಳಿಗೆ, ಒಂದು ಹನೂರಿಗೆ. ಮೂವರು ಬೇರೆ ಬೇರೆ ಪಾಲುಗಾರರು, ಒಬ್ಬನ ಮುಖ ಇನ್ನೊಬ್ಬ ನೋಡಿದವನಲ್ಲ. “ಒಂದ್ ಕಡೆ ಕೆಟ್ರೂ ಎರಡ್ ಕಡೆ ಉಳಿತದೆ” ಅಂತ ಊರಿಗೆಲ್ಲ ನನ್ನ ಮಾತನ್ನೇ ಒಪ್ಪಿಸಿ ಬಂದರು. ನಾನು ಅದನ್ನು ತರಗತಿಯಲ್ಲಿ ಉದಾಹರಣೆ ಮಾಡಿ ಚಪ್ಪಾಳೆಯನ್ನೂ ಗಿಟ್ಟಿಸಿದೆ.

ಎರಡನೇ ವರ್ಷ, ಇನ್ನೇನು ಮಾರಬೇಕು ಅನ್ನುವಾಗ ಧನಗೆರೆಯವನು ಫೋನ್ ಮಾಡಿದ. ಕಡಸಿಗೆ ಕಾಲುಬಾಯಿ ಜ್ವರ. ಅತ್ತೆ ಧೈರ್ಯವಾಗೇ ಇದ್ದರು, ಇನ್ನೆರಡು ಇವೆಯಲ್ಲ. ಮಾರನೇ ದಿನ ಕೊಳ್ಳೇಗಾಲದ ಕಡೆಯವನು ಫೋನ್ ಮಾಡಿದ. ಅದೇ ಜ್ವರ. ಸಂಜೆಗೆ ಹನೂರಿನವನು.

ಅತ್ತೆ ಫೋನಿನಲ್ಲಿ ಕಿರುಚಿದರು. “ಲೇ, ಮೂರೂರ್ಗೂ ಒಂದೇ ಜ್ವರ ಬಸ್ ಅತ್ಕಂಡ್ ಬಂತೇನ್ಲಾ? ನಿಜ ಬೊಗ್ಳು.”

ಅವನು ಬೊಗಳಿದ. ಹುಲ್ಲು ಹೊಂದಿಸಲಾರದೆ ಅವನು ಕಡಸನ್ನು ಬೆಟ್ಟದ ತಪ್ಪಲಿನ ಕೆಂಚಯ್ಯನ ದೊಡ್ಡಿಗೆ ಹೊಡೆದಿದ್ದ. ತನ್ನ ಅರ್ಧ ಪಾಲಿನಲ್ಲಿ ಕೆಂಚಯ್ಯನಿಗೊಂದು ಚೂರು, ತನಗೊಂದು ಚೂರು. ಉಳಿದಿಬ್ಬರೂ ಅದೇ ಬುದ್ಧಿ ಓಡಿಸಿದ್ದರು. ಕಡಿಮೆ ಪಾಲಿಗೆ ಸಾಕುವವನು ಅಂದರೆ ಸುತ್ತಲಿಗೆಲ್ಲ ಕೆಂಚಯ್ಯ ಒಬ್ಬನೇ.

ನಾನೂ ಅತ್ತೆಯೂ ಬಸ್ಸು ಹತ್ತಿ ಹೋದೆವು. ಮುಳ್ಳುಬೇಲಿಯ ದೊಡ್ಡಿ. ಒಂದನ್ನು ಆಗಲೇ ಹೂತಿದ್ದರು. ಇನ್ನೆರಡು ಅಕ್ಕಪಕ್ಕ ನಿಂತು ಜೊಲ್ಲು ಸುರಿಸುತ್ತಿದ್ದವು, ಪಕ್ಕೆಲುಬು ಎಣಿಸಬಹುದಿತ್ತು.

ಕೆಂಚಯ್ಯ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡ. “ನಂಗೇನ್ ಗೊತ್ತವ್ವ? ಮೂರ್ ಜನ ಮೂರ್ ದಿಕ್ನಿಂದ ಒಡ್ಕಂಡ್ ಬಂದ್ರು. ಮೂರೂ ನಿನ್ವೇ ಅಂತ ಅವು ಬಾಯ್ಬುಟ್ಟು ಏಳ್ತವಾ?”

ಅತ್ತೆ ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತರು. “ಸಾಯೋಗಂಟ ಆ ಮನ್ಸನ್ ಬೆನ್ನಿಂದ್ಲೇ ಕುಂತ್ಕಬೇಕಲ್ಲೇ ರತ್ನ” ಅಂದರು. ದನ ಸತ್ತದ್ದಕ್ಕಿಂತ ಆ ಮಾತು ನನಗೆ ಜಾಸ್ತಿ ನೋಯಿಸಿತು.

ವಾಪಸ್ ಬಸ್ಸಿನಲ್ಲಿ, ಹನೂರು ಹತ್ತಿರವಾದಾಗ ಅತ್ತೆ ಮೂಗು ಒರೆಸಿಕೊಂಡು ಕೇಳಿದರು, “ನಿನ್ ಮೂರು ಫಂಡು ಎಲ್ ಮೇಯ್ತಾ ಅವೆ?”

“ಅವು ಬೇರೆ ಬೇರೆ ಕಂಪನಿಯವು, ಅತ್ತೆ.”

“ನನ್ ಪಾಲ್ಗಾರ್ರೂ ಬೇರೆ ಬೇರೇರೇ ಆಗಿದ್ರು. ನೋಡು.”

ಸಿಗ್ನಲ್ ಬಂದಿತ್ತು. ಫೋನ್ ತೆಗೆದು ಒಂದೊಂದೇ ಫಂಡು ಎಲ್ಲಿ ದುಡ್ಡು ಹಾಕಿದೆ ಅಂತ ನೋಡಿದೆ. ಮೊದಲನೆಯದರಲ್ಲಿ ಯಾವ ಬ್ಯಾಂಕು ಪಟ್ಟಿಯ ಮೇಲಿತ್ತೋ ಎರಡನೆಯದರಲ್ಲೂ ಅದೇ ಬ್ಯಾಂಕು, ಮೂರನೆಯದರಲ್ಲೂ ಅದೇ. ಕೆಳಗಿನ ಹೆಸರುಗಳೂ ಹೆಚ್ಚುಕಡಿಮೆ ಅವೇ. ಮೂವರು ತಿಳಿದವರಿಗೆ ಕೂಲಿ ಕೊಟ್ಟು ಒಂದೇ ಹಟ್ಟಿ ದನ ಕಟ್ಟಿಸಿದ್ದೆ. ಅದನ್ನೇ ಮೂರು ಬೆರಳು ಎತ್ತಿ ಊರಿಗೆಲ್ಲ ಪಾಠ ಮಾಡಿದ್ದೆ. ನನಗೆ ನನ್ನ ಮೇಲೇ ಕೆಂಡದಂಥ ಕೋಪ ಬಂತು.

“ನಿಂದೂ ಕೆಂಚಯ್ಯನ್ ದೊಡ್ಡಿಯೇಯಾ?” ಅಂದರು ಅತ್ತೆ. ನಾನು ಹೌದು ಅಂತ ತಲೆ ಆಡಿಸಿದೆ. ಅವರು ನಗುವುದಕ್ಕೆ ಶುರು ಮಾಡಿದರು, ಕಂಡಕ್ಟರ್ ತಿರುಗಿ ನೋಡುವಷ್ಟು.

ಮೂರೂ ಒಂದೇ ಕಡೆ ಮೇಯುವುದಾದರೆ ಮೂರು ಯಾಕೆ? ಎರಡು ಫಂಡು ಮಾರಿದೆ. ಸ್ಕೂಟರಿಗೆ ಅಂತ ದುಡ್ಡು ಕೊಟ್ಟರೆ ಅತ್ತೆ ಮುಟ್ಟಲಿಲ್ಲ. “ಧರ್ಮಕ್ ಬ್ಯಾಡ. ಪಾಲಿಗ್ ಬುಡು” ಅಂದರು. ಉಳಿದ ಎರಡು ಕಡಸು ಚೇತರಿಸಿಕೊಂಡ ಮೇಲೆ ಸಿಕ್ಕ ಬೆಲೆಗೆ ಹೋದವು. ಅರ್ಧ ಅವರದು, ಅರ್ಧ ನನ್ನದು, ಒಂದು ಹಳೇ ನೀಲಿ ಸ್ಕೂಟರು ಮನೆಗೆ ಬಂತು. ಶಾಲೆಯ ಬಯಲಿನಲ್ಲಿ ಕಲಿಯುವಾಗ ಎರಡು ಸಲ ಹುಲ್ಲಿನ ಮೆದೆಗೆ ನುಗ್ಗಿಸಿದರು. ಲೈಸೆನ್ಸ್ ಮಾತ್ರ ಮೊದಲ ಸಲಕ್ಕೇ ಸಿಕ್ಕಿತು. ಈಗ ನನ್ನ ಡಿವಿಡೆಂಡು ಏನೆಂದರೆ, ಪಾಠವಿದ್ದ ದಿನ ಹನೂರಿನ ತನಕ ಹಿಂದಿನ ಸೀಟು.

ಮೊನ್ನೆ ಹಾಗೇ ಹೊರಟಿದ್ದೆವು. ಕಾಮಗೆರೆ ಸ್ಟಾಪಿನಲ್ಲಿ ಗುರುಸಿದ್ದಯ್ಯ ನಿಂತಿದ್ದ, ಬೈಕು ರಿಪೇರಿಗೆ ಬಿಟ್ಟು. ಬಸ್ಸು ಹೋಗಿಬಿಟ್ಟಿತ್ತು. ಕೈ ಅಡ್ಡ ಹಿಡಿದ.

“ಅಮ್ಮಿ, ಅನೂರ್ಗಂಟ ಬುಡು. ರತ್ನ ಮುಂದ್ಲು ಬಸ್ಗೆ ಬತ್ತಾಳೆ.”

ಅತ್ತೆ ಗಾಡಿ ನಿಲ್ಲಿಸಿ, ಕಾಲು ಊರಿ, ಸೆರಗು ಸರಿಮಾಡಿಕೊಂಡರು. ಅವಸರವೇ ಇರಲಿಲ್ಲ.

“ಅರ್ಧ ಗಾಡಿ ಅವ್ಳುದು ಬಾವ. ಅವ್ಳ ಕೇಳು.”

ಅವನು ನನ್ನ ಕಡೆ ನೋಡಿದ. ನಾನು ಸೀಟಿನ ಮೇಲೆ ಇನ್ನಷ್ಟು ಅಗಲವಾಗಿ ಕೂತೆ.

“ಜಾಗ ಇಲ್ಲ ಮಾವ” ಅಂದೆ. “ನಾಳಿಕ್ ಬಾ.”